ತಂತಿಯೊಳಗಿನ ದನಿ

ಕಾಡಿನ ನಡುವೆ ಕರೆಂಟ್ ಕಂಬಕ್ಕೆ ಕಿವಿಯಿಟ್ಟು ನಿಂತಿದ್ದವಳನ್ನು ಇಂಜಿನಿಯರ್ ದೂರದಿಂದಲೇ ಕಂಡ. ಹಳೆಯ ತಂತಿ ಅವಳ ನೆತ್ತಿಗೆ ತಾಗುವಷ್ಟು ಜೋತುಬಿದ್ದಿತ್ತು. ಓಡಿಹೋಗಿ ಅವಳ ಮುಂಗೈ ಹಿಡಿದು ಈಚೆಗೆ ಎಳೆದ.

ಅವಳು ತನ್ನ ಕೈಯನ್ನೂ ಅವನ ಮುಖವನ್ನೂ ನೋಡಿದಳು. "ನಾನು ಇಲ್ಲಿನ ಫಾರೆಸ್ಟ್ ಗಾರ್ಡ್. ನೀವ್ಯಾರು?"

ರಾಷ್ಟ್ರೀಯ ಉದ್ಯಾನದ ಹಳೆಯ ಲೈನ್ ತೆಗೆದು ನೆಲದಡಿ ಕೇಬಲ್ ಹಾಕಿಸಲು ಬಂದವನು ಎಂದ. ಅವಳ ಮುಖ ಬಿಳಿಚಿಕೊಂಡಿತು. ಕೈ ಬಿಡಿಸಿಕೊಂಡು ಹೊರಟುಹೋದಳು.

ಕಾರಣ ಹೇಳಿದ್ದು ಅವಳ ಅತ್ತೆ. ಕ್ವಾರ್ಟರ್ಸಿನಲ್ಲಿ ಅತ್ತೆ, ಸೊಸೆ ಇಬ್ಬರೇ. ಆ ತಾಯಿಯ ಮಗನೂ ಇಲ್ಲೇ ಗಾರ್ಡ್ ಆಗಿದ್ದ. ಒಂದು ಮಳೆಗಾಲದಲ್ಲಿ ಜೋತ ತಂತಿಗೆ ಸಿಕ್ಕಿದ ಜಿಂಕೆಮರಿಯನ್ನು ಬಿಡಿಸಲು ಹೋಗಿ ಅಲ್ಲೇ ಪ್ರಾಣಬಿಟ್ಟ. ಅವನ ಕೆಲಸ ಸೊಸೆಗೆ ಸಿಕ್ಕಿತು. ಅಂದಿನಿಂದ ದಿನಾ ಸಂಜೆ ಆ ಕಂಬದ ಬಳಿ ನಿಲ್ಲುತ್ತಾಳೆ. ತಂತಿಯ ಗುಂಯ್ ಎನ್ನುವ ಸದ್ದಿನಲ್ಲಿ ಗಂಡ ಕರೆಯುತ್ತಾನಂತೆ.

ಅವನು ನಗಲಿಲ್ಲ. ಆದರೆ ಆ ಕಂಬದ ಸುತ್ತ ಬೇಲಿ ಹಾಕಿಸಿದ. ಅವಳು ಅದರಾಚೆ ನಿಂತು ಕೇಳತೊಡಗಿದಳು.

ಕೇಬಲ್ ಹೋಗುವ ದಾರಿ ಗುರುತಿಸಲು ಇಬ್ಬರೂ ಒಟ್ಟಿಗೆ ನಡೆಯಬೇಕಾಯಿತು. ಹಳ್ಳ ದಾಟುವಾಗ ಅವನು ಜಾರಿ ಕೂತ. ಅವಳು ತುಟಿ ಕಚ್ಚಿ ನಗು ತಡೆದಳು.

"ಕಂಬ ಮಾತ್ರ ಕೋತಿ ಥರ ಹತ್ತುತ್ತೀರಿ."

"ಕಂಬದ ಮೇಲೆ ಪಾಚಿ ಇರಲ್ಲ ಮೇಡಂ."

ಅವಳು ನಕ್ಕೇಬಿಟ್ಟಳು. ಕೆನ್ನೆಯ ಗುಳಿ ಅವನಿಗೆ ಕಂಡಿತು. ಅವನು ಕಂಡದ್ದು ಅವಳಿಗೂ ತಿಳಿಯಿತು.

ಮರುದಿನ ಅವಳ ಕಣ್ಣು ಊದಿತ್ತು. "ನಿನ್ನೆ ಅವರ ಹತ್ರ ಹೋಗೋದನ್ನೇ ಮರೆತೆ" ಎಂದಳು. ಆಮೇಲೆ ಕೆಲಸದ ಮಾತಷ್ಟೇ ಆಡಿದಳು.

ಹೊಸ ಕೇಬಲ್ ಸಿದ್ಧವಾಯಿತು. ಹಳೆಯ ಲೈನ್ ಆಫ್ ಮಾಡಿಸುವ ಸಂಜೆ ಅವನು ಅವಳನ್ನು ಕಂಬದ ಬಳಿ ಕರೆದುಕೊಂಡು ಬಂದು, ಫೋನ್ ಕೈಯಲ್ಲಿ ಹಿಡಿದು ತುಸು ದೂರ ನಿಂತ. ನೀವು ಹೇಳಿದ ಮೇಲೇ ಆಫ್ ಮಾಡಿಸ್ತೀನಿ ಎಂದಿದ್ದ. ಅವಳು ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದಳು. ತೆರೆದಾಗ ಒಂದು ತಾಯಿಜಿಂಕೆ ಮರಿಯೊಂದಿಗೆ, ಬೇಲಿಯಿಲ್ಲದ ಕಡೆ ಜೋತಿದ್ದ ತಂತಿಯತ್ತಲೇ ನಡೆದು ಬರುತ್ತಿತ್ತು.

"ಆಫ್ ಮಾಡಿಸಿ. ಬೇಗ."

ಸದ್ದು ನಿಂತಿತು. ಕಾಡು ಒಮ್ಮೆಲೇ ಬರಿದಾದಂತಿತ್ತು. ಅವಳು ಬೇಲಿ ಹಿಡಿದು ಕೂತಳು.

"ಇಷ್ಟು ದಿನ ಕರೀತಿದಾರೆ ಅಂದ್ಕೊಂಡಿದ್ದೆ. ಅಲ್ಲ, ತಂತಿಯಿಂದ ದೂರ ನಿಲ್ಲು ಅಂತಿದ್ರು ಅವರು."

ಅವನು ಪಕ್ಕದಲ್ಲಿ ಕೂತ. ಅವಳು ಅತ್ತು ಮುಗಿಸುವವರೆಗೆ ಹಾಗೇ ಇದ್ದ.

ಕೆಲಸ ಮುಗಿದು ಹೊರಡುವ ದಿನ ಕ್ವಾರ್ಟರ್ಸಿನ ಬಾಗಿಲಿಗೆ ಬಂದ. ಬ್ಯಾಗ್ ಹೆಗಲಲ್ಲೇ ಇತ್ತು.

"ಹೋಗೋಕೆ ಕಾಲೇ ಬರ್ತಿಲ್ಲ. ನಿಮ್ಮ ಜೊತೆ ಇರಬೇಕು ಅನ್ಸುತ್ತೆ."

ಅವಳು ಬಾಗಿಲ ಚೌಕಟ್ಟಿಗೆ ಕೈ ಅಡ್ಡ ಹಿಡಿದು ನಿಂತಿದ್ದಳು. "ನಾನು ಅವರನ್ನ ಮರೆಯಲ್ಲ. ಒಂದೊಂದ್ಸಲ ನಿಮ್ಮೆದುರೇ ಅವರ ಜೊತೆ ಮಾತಾಡ್ತೀನಿ."

"ಮಾತಾಡಿ. ಅವರು ಹೇಗಿದ್ರು ಅಂತ ನನಗೂ ಹೇಳಿ."

ಒಳಗಿನಿಂದ ಅತ್ತೆಯ ದನಿ ಬಂತು. "ಅವಳನ್ನೇನು ಕೇಳ್ತೀಯಪ್ಪಾ, ಅವನ ತರಲೆ ಎಲ್ಲಾ ಗೊತ್ತಿರೋದು ನನಗೆ. ಒಳಗೆ ಬಾ."

ಅವಳು ಚೌಕಟ್ಟಿನಿಂದ ಕೈ ತೆಗೆದು ದಾರಿ ಬಿಟ್ಟಳು.