ಚೀಲದ ತಳ

"ಇದು ನಡೆಯಲ್ಲಪ್ಪ," ಎಂದಳು ಗುಬ್ಬಿಯ ಅಮ್ಮ, ಚೀಲದ ತಳದಿಂದ ಒಂದು ಹೊಂಗೆ ಬೀಜ ಹೆಕ್ಕಿ. "ಹಸಿ ಇದೆ. ಒಣಗಿಸಿಕೊಂಡು ಬಾ."

ಬಿ ಸೆಕ್ಷನ್ ಹುಡುಗ ಮುಖ ಸಣ್ಣದು ಮಾಡಿಕೊಂಡು ಚೀಲ ಎಳೆದುಕೊಂಡು ಹೋದ. ಎ ಸೆಕ್ಷನ್ನಿನವರು ಕಿಸಕ್ಕನೆ ನಕ್ಕರು. ಅದೇ ಸೆಕ್ಷನ್ನಿನ ಗುಬ್ಬಿ ಮಾತ್ರ ಸಾಲಿನಲ್ಲಿ ನಗದೆ ನಿಂತಿದ್ದಳು.

ಅವಳ ಅಮ್ಮ ಎಣ್ಣೆ ಮಿಲ್ಲಿನಲ್ಲಿ ಬೀಜ ಪರೀಕ್ಷಿಸುವವಳು. ಮರದಡಿ ಉದುರಿದ ಹೊಂಗೆ ಕಾಯಿ ಆರಿಸಿ, ಸುಲಿದು, ಮಕ್ಕಳು ಬೀಜ ತರುತ್ತಿದ್ದರು. ಮಿಲ್ಲಿನವರು ಎಣ್ಣೆ ತೆಗೆದು, ಎಂಜಿನ್ನಿಗೆ ಒಗ್ಗುವಂತೆ ಹದ ಮಾಡಿ, ಸ್ಕೂಲ್ ಬಸ್ಸಿನ ಡೀಸೆಲ್ಲಿಗೆ ಬೆರೆಸುತ್ತಿದ್ದರು. ಯಾವ ಸೆಕ್ಷನ್ನಿನ ಬೀಜ ಹೆಚ್ಚು ತೂಗುತ್ತದೋ ಅವರಿಗೆ ಅದೇ ಬಸ್ಸಿನಲ್ಲಿ ಪಿಕ್ನಿಕ್.

ನಿನ್ನೆ ಸಂಜೆಗೂ ಗುಬ್ಬಿಯ ಚೀಲ ಅರ್ಧವೂ ತುಂಬಿರಲಿಲ್ಲ. ಮರದಡಿ ಒಂದು ಕಾಯಿಯೂ ಉಳಿದಿರಲಿಲ್ಲ. ಕೊಂಬೆಯಲ್ಲಿ ಮಾತ್ರ ಹಸಿರು ಕಾಯಿ ಗೊಂಚಲು ಗೊಂಚಲಾಗಿತ್ತು. ಬಗ್ಗಿಸಿ ಕಿತ್ತಳು. ಹಸಿ ಬೀಜ ತಳಕ್ಕೆ, ಒಣ ಬೀಜ ಮೇಲಕ್ಕೆ.

"ನಮ್ದೇ ಫಸ್ಟು ಬಿಡೇ. ನೋಡೋದು ನಿಮ್ಮಮ್ಮನೇ ತಾನೆ?" ಎಂದು ಸಾಲಿನಲ್ಲಿ ಹಿಂದೆ ನಿಂತಿದ್ದ ಗೆಳತಿ ಗುಂಗುರು ಈಗ ಪಿಸುಗುಟ್ಟಿದಳು.

ಅಮ್ಮ ಎಲ್ಲರ ಚೀಲಕ್ಕೂ ಮೊಣಕೈವರೆಗೆ ಕೈ ಇಳಿಸಿ, ತಳದ ಬೀಜ ತೆಗೆದು ಕಚ್ಚುತ್ತಿದ್ದಳು. ಟಕ್ ಎಂದರೆ ಪಾಸ್. ಗುಬ್ಬಿಯ ಚೀಲದಲ್ಲಿ ಮಾತ್ರ ಮೇಲಿನ ಬೀಜವನ್ನೇ ತೆಗೆದಳು. ಟಕ್.

"ಇವಳಿಗೆ ನಾನೇನು ಹೇಳಿಕೊಡ್ಬೇಕು," ಎಂದು ತೂಕದ ಮಾಮನ ಕಡೆ ತಿರುಗಿ ನಕ್ಕಳು.

ತಕ್ಕಡಿಯ ಮುಳ್ಳು ಸರ್ರನೆ ಓಡಿತು. ಗುಂಗುರು ಕುಣಿದಳು. ಗುಬ್ಬಿ ಗೋಡೆಯ ಬಳಿಯ ದೊಡ್ಡ ರಾಶಿಯನ್ನು ನೋಡಿದಳು. ಹೋದ ವರ್ಷ ಯಾರದೋ ಒಂದು ಹಸಿ ಚೀಲ ಸೇರಿ ರಾಶಿಗೆಲ್ಲ ಬೂಷ್ಟು ಹಿಡಿದಿತ್ತು. ಅದನ್ನು ಬಾಚಿ ಹಾಕಿ ಅಮ್ಮ ವಾರವೆಲ್ಲ ಕೆಮ್ಮಿದ್ದಳು.

ಮಾಮ ಚೀಲ ಸುರಿಯಲು ಎತ್ತಿದ.

"ಬೇಡ ಮಾಮ, ಸುರೀಬೇಡಿ. ಅಮ್ಮ, ತಳದ್ದು ನೋಡು."

"ಯಾಕೆ?"

"ಮರದಿಂದ ಕಿತ್ತಿದ್ದು."

ಅಮ್ಮ ಕೈ ಇಳಿಸಿದಳು. ಕಚ್ಚಿದಳು. ಸದ್ದೇ ಆಗಲಿಲ್ಲ. ಕಹಿಯನ್ನು ಉಗಿದು ಬಾಯಿ ಒರೆಸಿಕೊಂಡಳು.

"ಎಳಸು. ಒಣಗಿಸಿದ್ರೂ ಎಣ್ಣೆ ಬರಲ್ಲ. ಮರದಲ್ಲೇ ಬಿಟ್ಟಿದ್ರೆ ಅದೇ ಬಲಿತು ಬೀಳ್ತಿತ್ತಲ್ಲೇ." ಗುಬ್ಬಿಯ ಮುಖ ನೋಡದೆ, "ಕೂತು ಬೇರೆ ಮಾಡು. ನೆಕ್ಸ್ಟ್ ಯಾರು?" ಎಂದಳು.

ಪಿಕ್ನಿಕ್ಕಿಗೆ ಬಿ ಸೆಕ್ಷನ್ ಹೋಯಿತು. ಗುಂಗುರು ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ಅವಳಿಗೆ ರಬ್ಬರ್ ಬೇಕಾಯಿತು.

ಮುಂದಿನ ತಿಂಗಳು ಮಿಲ್ಲಿನಲ್ಲಿ ಮತ್ತೆ ಸಾಲು. ಈ ಸಲ ಗುಬ್ಬಿಯದು ಅರ್ಧ ಚೀಲ. ಅಮ್ಮನ ಕೈ ಮೇಲಿನ ಬೀಜದ ಹತ್ತಿರವೇ ಒಂದು ಕ್ಷಣ ತಡೆಯಿತು.

ಗುಬ್ಬಿ ಚೀಲದ ಬಾಯಿಯನ್ನು ಎರಡೂ ಕೈಯಲ್ಲಿ ಅಗಲವಾಗಿ ಹಿಡಿದಳು. ಅಮ್ಮನ ಕೈ ಮೊಣಕೈವರೆಗೆ ಇಳಿಯಿತು.

ಟಕ್.