ಆಲೂಗಡ್ಡೆ ಮಂಡಿಯಲ್ಲೊಂದು ನಿದ್ದೆ

ನಾಲ್ಕು ದಿನದಿಂದ ಬಾಯಿಪಾಠ ಮಾಡಿಕೊಂಡಿದ್ದ ಮಾತನ್ನೆಲ್ಲ ಅವಳು ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಮುಂದಿನ ತಿಂಗಳಿನಿಂದ ತನ್ನ ಅಂಗಡಿಗಳಿಗೆ ಆಲೂಗಡ್ಡೆ ಬೇಡ, ಹೆಚ್ಚಿ ಹೆಪ್ಪುಗಟ್ಟಿಸಿದ ಫ್ರೈಸ್ ಇನ್ನು ಫ್ಯಾಕ್ಟರಿಯಿಂದಲೇ ಬರುತ್ತದೆ, ಒಂಬತ್ತು ವರ್ಷದ ವ್ಯವಹಾರವನ್ನು ಫೋನಿನಲ್ಲಿ ಮುಗಿಸಲು ಮನಸ್ಸು ಬಾರದೆ ಖುದ್ದಾಗಿ ಬಂದೆ ಎಂದಳು.

ತಕ್ಕಡಿಯ ಪಕ್ಕ ನಿಂತಿದ್ದ ಹುರಿಮೀಸೆಯ ದೊಡ್ಡ ಆಳು ಎಲ್ಲವನ್ನೂ ಮರ್ಯಾದೆಯಿಂದ ಕೇಳಿಸಿಕೊಂಡು ತಲೆ ಕೆರೆದುಕೊಂಡ.

"ಅವನು ಲಾರಿ ಡ್ರೈವರ್, ಮೇಡಂ," ಎಂದಿತು ಹಿಂದಿನಿಂದ ಒಂದು ದನಿ. "ಅವನಿಗೆ ಆಲೂಗಡ್ಡೆ ಬೇಡ ಅಂದ್ರೆ ಅವನೇನ್ ಮಾಡ್ತಾನೆ ಪಾಪ. ನನಗೆ ಹೇಳಿ."

ಆ ದನಿ ಅವಳಿಗೆ ತನ್ನ ದನಿಯಷ್ಟೇ ಪರಿಚಿತ, ಮುಖವನ್ನು ಮಾತ್ರ ಈ ಒಂಬತ್ತು ವರ್ಷದಲ್ಲಿ ಒಮ್ಮೆಯೂ ಕಂಡಿರಲಿಲ್ಲ. ತಿರುಗಿ ನೋಡಿದರೆ, ಗೋಣಿಚೀಲಗಳ ನಡುವೆ ಮಣೆ ಹಾಕಿಕೊಂಡು ಕೂತು ಕೊಳೆತದ್ದನ್ನು ಆರಿಸಿ ಎಸೆಯುತ್ತಿದ್ದ ಸಣಕಲು ಮನುಷ್ಯ, ಮೂಗಿನ ತುದಿಗೆ ಜಾರಿದ ಕನ್ನಡಕ. ಅಷ್ಟು ಗಂಭೀರವಾದ ಕಂಠ ಇಷ್ಟು ಚಿಕ್ಕ ದೇಹದೊಳಗೆ ಎಲ್ಲಿ ಅಡಗಿತ್ತೋ. ಅವಳಿಗೆ ನಗು ಬಂತು. ನಗಲು ಶಕ್ತಿ ಇರಲಿಲ್ಲ.

ಬಸ್ ನಿಲ್ದಾಣದ ಎದುರು ಕಿಟಕಿಯಷ್ಟಗಲದ ಅಂಗಡಿಯಲ್ಲಿ, ಗಂಡ ಬಿಟ್ಟುಹೋದ ವರ್ಷ, ಒಂದು ಬಾಣಲೆ ಇಟ್ಟುಕೊಂಡು ಬರ್ಗರ್, ಫ್ರೈಸ್ ಮಾರಲು ಶುರು ಮಾಡಿದವಳು ಅವಳು. ಈಗ ಅದೇ ಹಳದಿ ಬೋರ್ಡಿನ ನಲವತ್ತಮೂರು ಅಂಗಡಿಗಳಿವೆ. ವಯಸ್ಸು ಐವತ್ತೊಂದು. ಆಫೀಸಿನ ಭಾರವನ್ನು ತಮ್ಮ ಹೊತ್ತಿದ್ದ, ಆದರೂ ಯಾವ ಅಂಗಡಿಯಲ್ಲಿ ಯಾವ ಮಿಷನ್ ಕೆಟ್ಟರೂ ಫೋನ್ ಬರುತ್ತಿದ್ದದ್ದು ಅವಳಿಗೇ. ನಿದ್ದೆ ಎನ್ನುವುದು ಕಾರಿನ ಹಿಂದಿನ ಸೀಟಿನಲ್ಲಿ, ಎರಡು ಸಿಗ್ನಲ್‌ಗಳ ನಡುವೆ. ದಿನದಲ್ಲಿ ಅವಳ ಮೈ ಹಗುರಾಗುತ್ತಿದ್ದದ್ದು ಒಂದೇ ಹೊತ್ತಿನಲ್ಲಿ, ಬೆಳಗಿನ ಆರಕ್ಕೆ ಈ ಮಂಡಿಗೆ ಫೋನ್ ಮಾಡಿ, "ಯಜಮಾನ್ರೇ, ಇವತ್ತು ಮಾಲು ಹೇಗಿದೆ?" ಎಂದು ಕೇಳುವಾಗ. ಮಾಲಿನ ಮಾತು ಎರಡು ನಿಮಿಷಕ್ಕೆ ಮುಗಿಯುತ್ತಿತ್ತು. ಆಮೇಲೆ ಕಾಲುಗಂಟೆ ಏನೇನೋ. ಅವನ ಮಂಡಿನೋವು, ಇವಳ ತಲೆನೋವು, ತೀರಿಕೊಂಡ ಅವನ ಹೆಂಡತಿಗೆ ಇಷ್ಟವಿದ್ದ ಬಣ್ಣ, ಇವಳ ತಮ್ಮನ ಹೆಂಡತಿಯ ಉಪ್ಪಿಲ್ಲದ ಅಡುಗೆ.

ಅವನು ಕೈ ತೊಳೆದುಕೊಂಡು ಬಂದು, ಒಳಗಿನ ಚಿಕ್ಕ ಕೋಣೆಗೆ ಕರೆದೊಯ್ದು ಕುರ್ಚಿಯ ಧೂಳು ಒರೆಸಿದ. ಫ್ಯಾಕ್ಟರಿಯ ಸುದ್ದಿ ಎರಡು ತಿಂಗಳ ಹಿಂದೆಯೇ ತನ್ನ ಕಿವಿಗೆ ಬಿದ್ದಿತ್ತು, ಖಾಯಂ ಗಿರಾಕಿಗಳು ಬೇರೆಯವರೂ ಇದ್ದಾರೆ, ಆ ಬಗ್ಗೆ ಚಿಂತೆ ಬೇಡ ಎಂದ. ಬೈಯುತ್ತಾನೆ ಎಂದು ಅವಳು ಗಟ್ಟಿಮನಸ್ಸು ಮಾಡಿಕೊಂಡು ಬಂದಿದ್ದಳು. ಅವನು ಬೈಯಲಿಲ್ಲ.

"ಗೊತ್ತಿದ್ದೂ ಕೇಳ್ಲಿಲ್ವಲ್ಲ ನೀವು," ಎಂದಳು.

"ಕೇಳಿದ್ರೆ ನೀವು ಹೇಳಿಬಿಡ್ತಿದ್ರಿ."

ಅವಳು ಅವನ ಮುಖ ನೋಡಿದಳು. ಅವನು ಕನ್ನಡಕ ತೆಗೆದು, ಕೊಳೆಯೇ ಇಲ್ಲದ ಗಾಜನ್ನು ಅಂಗಿಯ ತುದಿಯಿಂದ ಒರೆಸತೊಡಗಿದ. ಕಣ್ಣೆತ್ತಿದ, ಮತ್ತೆ ಇಳಿಸಿದ. ಐವತ್ತಾರರ ಗಂಡಸು ಹೀಗೆ ನಾಚುವುದನ್ನು ಅವಳು ಕಂಡಿರಲಿಲ್ಲ. ಕುಡಿಯಲು ಏನಾದರೂ ತರುತ್ತೇನೆಂದು ಅವನು ಹೊರಗೆ ಹೋದ. ಕೋಲ್ಡ್ ಸ್ಟೋರೇಜಿನ ಗೋಡೆಯಿಂದ ತಣ್ಣನೆಯ ಗಾಳಿ ಬರುತ್ತಿತ್ತು, ಹಸಿಮಣ್ಣಿನ ವಾಸನೆ. ಐದು ನಿಮಿಷ ಕಣ್ಣು ಮುಚ್ಚೋಣ ಎಂದುಕೊಂಡಳು.

ಕಣ್ಣು ಬಿಟ್ಟಾಗ ಬಿಸಿಲು ಕಿಟಕಿಯ ಇನ್ನೊಂದು ಬದಿಗೆ ಸರಿದಿತ್ತು. ಮೇಜಿನ ಮೇಲೆ ಕೆನೆಗಟ್ಟಿದ ಚಹಾ. ಭುಜದ ಮೇಲೆ ಯಾರದೋ ಶಾಲು. ಮಂಡಿಯಲ್ಲಿ ಸದ್ದೇ ಇರಲಿಲ್ಲ. ಎದ್ದು ಹೊರಗೆ ಬಂದರೆ, ಅರ್ಧ ಖಾಲಿಯಾದ ಲಾರಿ ಹಾಗೇ ನಿಂತಿದೆ, ಹಮಾಲರು ಅಂಗಳದಾಚೆ ನೆರಳಿನಲ್ಲಿ ಪಿಸುಗುಡುತ್ತ ಕೂತಿದ್ದಾರೆ. ಬಾಗಿಲಿಗೆ ಅಡ್ಡವಾಗಿ ಪ್ಲಾಸ್ಟಿಕ್ ಕ್ರೇಟ್ ಬೋರಲು ಹಾಕಿಕೊಂಡು ಅವನು ಕೂತಿದ್ದ. ಅವಳ ಮೊಬೈಲ್ ಅವನ ತೊಡೆಯ ಮೇಲಿತ್ತು.

"ಎಷ್ಟು ಹೊತ್ತಾಯ್ತು?"

"ಮೂರು ಗಂಟೆ ಮಲಗಿದ್ರಿ."

ಅವಳಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಲಾರಿಯನ್ನು ಯಾಕೆ ನಿಲ್ಲಿಸಿದಿರಿ ಎಂದು ಕೇಳಿದರೆ, ಚೀಲ ಎತ್ತಿಹಾಕುವ ಸದ್ದು ತುಂಬ ಕೆಟ್ಟದ್ದು, ಕಿವುಡರೂ ಎದ್ದು ಕೂರುತ್ತಾರೆ ಎಂದ. ಫೋನ್ ಒಂದೇ ಸಮ ನಡುಗುತ್ತಿತ್ತು, ನಾಲ್ಕನೇ ಸಲಕ್ಕೆ 'ತಮ್ಮ' ಎಂದು ನೋಡಿ ಎತ್ತಿಕೊಂಡೆ, ತಪ್ಪಾಗಿದ್ದರೆ ಕ್ಷಮಿಸಬೇಕು ಎಂದ.

"ಏನಂದ?"

ಅವನು ಹೇಳಲೋ ಬೇಡವೋ ಎಂಬಂತೆ ನೆಲ ನೋಡಿದ. "ಅಕ್ಕ ದಿನಾ ಯಜಮಾನ್ರೇ ಯಜಮಾನ್ರೇ ಅಂತಾಳಲ್ಲ, ಆ ಯಜಮಾನ್ರಾ ಅಂತ ಕೇಳಿದ್ರು. ಹೌದು ಅಂದೆ."

ಅವಳ ಕಿವಿ ಬಿಸಿಯಾಯಿತು.

"ಮಲಗಿದಾರೆ ಅಂದೆ, ಎಬ್ಬಿಸಬೇಡಿ ಅಂದ್ರು. ಇನ್ನೊಂದು ಮಾತು ಹೇಳಿದ್ರು. ನಿಮ್ಮ ಆಫೀಸಲ್ಲಿ ಖರೀದಿ ಅಂತಲೇ ಆರು ಜನ ಇದಾರಂತೆ. ಮೂರು ವರ್ಷದಿಂದ ಎಣ್ಣೆಗೆ, ಬನ್ನಿಗೆ, ಎಲ್ಲಕ್ಕೂ ಅವರೇ ಫೋನ್ ಮಾಡೋದಂತೆ. ಆಲೂಗಡ್ಡೆಗೆ ಮಾತ್ರ ಅಕ್ಕನೇ ಮಾಡ್ತಾಳೆ, ಯಾಕೆ ಅಂತ ನಾವ್ಯಾರೂ ಕೇಳೋಕೆ ಹೋಗಿಲ್ಲ ಅಂದ್ರು."

ತಮ್ಮನ ಬಾಯಿಗೆ ಬೀಗವಿಲ್ಲ ಎಂದು ಅವಳು ಗೊಣಗಿದಳು. ಪಕ್ಕದ ಇನ್ನೊಂದು ಕ್ರೇಟನ್ನು ಎಳೆದುಕೊಂಡು ಕೂತಳು. ಕಾಲು ಚಾಚಿದಳು. ನಲವತ್ತಮೂರು ಅಂಗಡಿಗಳ ಒಡತಿ ಚಪ್ಪಲಿ ಬಿಚ್ಚಿ ಬೆರಳು ಅಲ್ಲಾಡಿಸಿದ್ದನ್ನು ದೂರದಿಂದ ಲಾರಿ ಡ್ರೈವರ್ ನೋಡಿ, ಕಾಣದವನಂತೆ ಮುಖ ತಿರುಗಿಸಿದ.

ಸ್ವಲ್ಪ ಹೊತ್ತಿನ ಮೇಲೆ ಅವಳಿಗೆ ಮಂಡಿಯ ಗೋಡೆಗೆ ನೇತುಹಾಕಿದ್ದ ಹಲಗೆ ಕಾಣಿಸಿತು. "ಭಾನುವಾರ ರಜೆ."

"ಭಾನುವಾರ ರಜೆನಾ?"

"ಮೊದಲಿಂದ್ಲೂ."

"ಮತ್ತೆ ನಾನು ಭಾನುವಾರವೂ ಫೋನ್ ಮಾಡ್ತಿದ್ದೆ. ಈ ಲ್ಯಾಂಡ್‌ಲೈನಿಗೇ."

"ಎತ್ತುತ್ತಿದ್ದೆನಲ್ಲ." ಅವನು ಕನ್ನಡಕ ಮೇಲೇರಿಸಿಕೊಂಡ. "ಬೀಗ ತೆಗೆದು ಒಳಗೆ ಬಂದು ಕೂರ್ತಿದ್ದೆ. ನಿಮ್ಮ ಫೋನ್ ಆದ್ಮೇಲೆ ಬೀಗ ಹಾಕ್ಕೊಂಡು ಹೋಗ್ತಿದ್ದೆ. ಮಗಳು ಬೈತಿದ್ಲು, ರಜೆ ದಿನ ಅಲ್ಲೇನ್ ಕೆಲಸ ಅಂತ. ದೊಡ್ಡ ಗಿರಾಕಿ, ತಪ್ಪಿಸೋಕಾಗಲ್ಲ ಅಂತಿದ್ದೆ."

ಒಂಬತ್ತು ವರ್ಷದ ಭಾನುವಾರಗಳು ಅವಳ ಕಣ್ಣ ಮುಂದೆ ಬಂದವು. ಖಾಲಿ ಮಂಡಿ, ಒಂದು ಬಲ್ಬು, ಫೋನಿನ ಮುಂದೆ ಈ ಮನುಷ್ಯ. ಅಳಲೂ ಸುಸ್ತು. ಸುಮ್ಮನೆ ಅವನ ಕೈಮೇಲೆ ಕೈ ಇಟ್ಟಳು. ಅವನು ಅಲುಗಾಡಲಿಲ್ಲ, ಕೈಮೇಲೆ ಹಕ್ಕಿ ಕೂತಿದೆ, ಹಾರಿಹೋದೀತು ಎಂಬಂತೆ ಕೂತಿದ್ದ.

"ಫ್ಯಾಕ್ಟರಿಯವರ ಕಾಗದಕ್ಕೆ ನಾಳೆ ಸಹಿ ಹಾಕ್ತೀನಿ," ಎಂದಳು ಮೆಲ್ಲಗೆ. "ಹಾಕಲೇಬೇಕು. ಅಷ್ಟೂ ಅಂಗಡೀಲಿ ಸಿಪ್ಪೆ ತೆಗೆಸೋದನ್ನ ನೋಡ್ಕೊಳ್ಳೋಕೆ ನನ್ನ ಕೈಲಿ ಆಗ್ತಿಲ್ಲ. ನಿಮ್ಮ ಆಲೂಗಡ್ಡೆ ನನಗಿನ್ನು ಬೇಡ."

"ಸರಿ."

"ನಾನು ಹೇಳಿ ಮುಗಿಸಿಲ್ಲ. ಸಂಜೆ ಜೊತೆಗೆ ಕೂರೋಕೆ ಒಬ್ಬರು ಬೇಕು. ಮಾತಾಡಲೇಬೇಕು ಅಂತಿಲ್ಲ. ನಾನು ತೂಕಡಿಸಿದ್ರೆ ಬೇಜಾರು ಮಾಡ್ಕೋಬಾರ್ದು, ಅಷ್ಟೇ."

"ನನಗೂ ವಯಸ್ಸಾಯ್ತು, ಮೇಡಂ. ಗೊರಕೆ ಬೇರೆ."

"ಮೇಡಂ ಅನ್ನೋದು ನಿಲ್ಸಿ ಮೊದಲು."

ಅವಳು ಎದ್ದು ಹೋಗಿ ಕಾರಿನವನಿಗೆ ಮನೆಗೆ ಹೋಗಲು ಹೇಳಿದಳು. ಯಜಮಾನ ಹಮಾಲರತ್ತ ಕೈ ಬೀಸಿದ. ತಡೆದು ನಿಂತಿದ್ದ ಚೀಲಗಳು ಧಡ್ ಧಡ್ ಎಂದು ನೆಲಕ್ಕೆ ಬೀಳತೊಡಗಿದವು. ಆ ಗದ್ದಲದಲ್ಲಿ ಅವನು ಅವಳ ಕಿವಿಯ ಹತ್ತಿರ ಬಗ್ಗಿ, ಹುಡುಗನಂತೆ ಹೆದರಿಕೊಂಡು ಕೇಳಿದ:

"ಮಗಳಿಗೆ ಏನಂತ ಹೇಳ್ಲಿ?"

"ದೊಡ್ಡ ಗಿರಾಕಿ ಕೈಬಿಟ್ಟು ಹೋದ್ಲು ಅಂತ ಹೇಳಿ," ಎಂದಳು ಅವಳು, ಅವನ ತೋಳು ಹಿಡಿದುಕೊಳ್ಳುತ್ತ. "ಮಿಕ್ಕಿದ್ದನ್ನ ನಾನೇ ಬಂದು ಹೇಳ್ತೀನಿ. ನಡೀರಿ."