ಕೂಗದ ಸೈರನ್

ಬೆಳಿಗ್ಗೆ ಹತ್ತೂವರೆಗೆ ಸುರಪುರ ಠಾಣೆಗೆ ಸಾಯಿಕುಮಾರ ದೂರು ತಂದ. ತಿಂಥಣಿ ಹತ್ತಿರದ ಖಾಸಗಿ ಪಂಪ್‌ಹೌಸಿನಲ್ಲಿ ಅವನ ಅಕ್ಕ ಯಂಕಮ್ಮ ತೊಟ್ಟಿಯ ಹೂಳು ತೆಗೆಯುತ್ತಿದ್ದಾಗ, ಆಪರೇಟರ್ ಆಗಿರುವ ಆಕೆಯ ಗಂಡ ಅಮಾತೆಪ್ಪನೇ ಜಗಳದ ಸಿಟ್ಟಿಗೆ ಮೋಟಾರ್ ಚಾಲೂ ಮಾಡಿದ್ದಾನೆ, ನುಗ್ಗಿದ ನೀರಿಗೆ ಆಕೆಯ ಸೊಂಟ ಮುರಿದಿದೆ. ಎಫ್‌ಐಆರ್ ಆಯಿತು. ಅಮಾತೆಪ್ಪ ಲಾಕಪ್ಪಿಗೆ ಹೋದ.

ಇನ್ಸ್‌ಪೆಕ್ಟರ್ ಶಾಂತಾದೇವಿಗೆ ತಲೆ ಕೆಟ್ಟುಹೋಗಿತ್ತು. ಪಂಪ್‌ಹೌಸ್ ಕಂಪನಿಯ ಎಂಜಿನಿಯರ್ ಬಸವಕುಮಾರ, "ಹೊತ್ತಿಗೆ ಸರಿಯಾಗಿ ಮೋಟಾರ್ ನಡಸೋ ನಮ್ಮ ಕಂಪ್ಯೂಟರ್ ಪ್ರೋಗ್ರಾಂ ತಪ್ಪಂಗಿಲ್ರಿ, ಅವನೇ ಒತ್ಯಾನ" ಎಂದು ಒಂದೇ ರಾಗ ಹಾಡುತ್ತಿದ್ದ. ಅಮಾತೆಪ್ಪನದು ಇನ್ನೊಂದು ರಾಗ.

"ಚಾಲೂ ಮಾಡಿದವ್ರು ಯಾರು?"

"ನಾ ಅಲ್ರಿ. ಮೋಟಾರ್ ಚಾಲೂ ಆಗದಂಗ ರಿಪೇರಿ ಕೀಲಿ ತಿರುವಿ ಚಾ ಕುಡ್ಯಾಕ ಹೋಗಿದ್ದೆ."

"ಮತ್ತ ದೆವ್ವ ಬಂದು ಒತ್ತಿತೇನು?"

ಆಸ್ಪತ್ರೆಯಲ್ಲಿ ಯಂಕಮ್ಮ ಗಂಡನ ಹೆಸರೆತ್ತಿದರೆ ಮುಖ ತಿರುವುತ್ತಿದ್ದಳು. ಕಾನ್‌ಸ್ಟೇಬಲ್ ಅಮರಪ್ಪ ಆಕೆಯ ಹೇಳಿಕೆ ಬರೆದುಕೊಂಡು ಏಳುತ್ತಾ ಗೊಣಗಿದ: "ಸೈರನ್ ಕೇಳಿದ ಕೂಡ್ಲೇ ಹೊರಗ ಬರಬೇಕಿತ್ತವ್ವ."

"ಸೈರನ್ ಎಲ್ಲಿ ಕೂಗಿತ್ರಿ?"

ಪಂಪ್‌ಹೌಸಿನಲ್ಲಿ ಪಂಚರ ಮುಂದೆ ಶಾಂತಾದೇವಿ ಮೋಟಾರಿನ ಸ್ವಿಚ್ ಒತ್ತಿಸಿ ನೋಡಿದರು. ಸ್ವಿಚ್ಚಿಗೂ ಸೈರನ್ನಿಗೂ ನೇರ ತಂತಿ. ಪ್ರತಿ ಸಲವೂ ಕಿವಿ ಹರಿಯುವಂತೆ ಕೂಗಿತು. ಹಾಗಾದರೆ ಕೈಯಿಂದ ಯಾರೂ ಒತ್ತಿಲ್ಲ. ಪಂಚನಾಮೆಯಲ್ಲಿ ಅಷ್ಟನ್ನೂ ಬರೆಸಿದರು.

ಕಂಪನಿಯ ಯಾದಗಿರಿ ಕಚೇರಿಯಿಂದ ಪ್ರೋಗ್ರಾಮರ್ ಸುಮಲತಾಳನ್ನು ಕರೆಸಿ, ಅಪಘಾತದ ದಿನ ಇದ್ದ ಪ್ರೋಗ್ರಾಂ ಹಾಕಿಸಿದರು. ರಿಪೇರಿ ಕೀಲಿ ತಿರುವಿಟ್ಟರು. ಆದರೂ ಹೊತ್ತಿಗೆ ಸರಿಯಾಗಿ ಮೋಟಾರ್ ಗುಡುಗಿತು. ಸೈರನ್ ಮಾತ್ರ ಸುಮ್ಮನಿತ್ತು.

"ಬಿಡಿಸಿ ಹೇಳವ್ವ. ನನಗ ತಾಳ್ಮಿ ಮುಗದೈತಿ."

"ಮೊದಲು ಷರತ್ತಿನ ಕೆಳಗ ಒಂದೇ ಸಾಲಿತ್ರಿ. ಕೀಲಿ ತಿರುವಿರದಿದ್ರ ಮೋಟಾರ್ ಚಾಲೂ ಅಂತ. ತಾನಾಗೇ ಚಾಲೂ ಆಗುವಾಗೂ ಸೈರನ್ ಬೇಕು ಅಂತ ಊರವರು ಕೇಳಿದ್ರು. ಬಸವಕುಮಾರ ಸರ್ ನಡುವ ಸೈರನ್ ಸಾಲು ತುರುಕಿದ್ರು, ಎರಡೂ ಸಾಲು ಕೂಡಿಸಿ ಕಟ್ಟೋ ಬ್ರಾಕೆಟ್ ಹಾಕಲಿಲ್ಲ. ಬ್ರಾಕೆಟ್ ಇಲ್ದಿದ್ರ ಷರತ್ತು ಮೊದಲನೇ ಸಾಲಿಗಷ್ಟೇ ಹತ್ತತೈತ್ರಿ. ಮೋಟಾರ್ ಸಾಲು ಹಗ್ಗ ಬಿಚ್ಚಿದ ದನ ಆತು. ಕೀಲಿ ತಿರುವಿದ್ರ ಸೈರನ್ ಸುಮ್ಮನಿರತೈತಿ, ಮೋಟಾರ್ ಮಾತ್ರ ಓಡತೈತಿ. ನೋಡಾಕ ಎರಡೂ ಒಂದೇ ಕಡೆ ಕಟ್ಟಿದಂಗ ಕಾಣ್ತಾವ. ಒಂದೇ ಸಾಲಿದ್ರೂ ಬ್ರಾಕೆಟ್ ಹಾಕ್ರಿ ಅಂತ ಬಾಯಿ ಬಡ್ಕೊಂಡಿದ್ದೆ."

ಈಗ ನಡೆಯುತ್ತಿದ್ದ ಪ್ರೋಗ್ರಾಮಿನಲ್ಲಿ ಬ್ರಾಕೆಟ್ ಇತ್ತು. ಅಪಘಾತದ ಮರುದಿನ ಬಸವಕುಮಾರನ ಲಾಗಿನ್‌ನಿಂದಲೇ ಸೇರಿತ್ತು. ಆಮೇಲೆಯೇ ಅವನು ಠಾಣೆಗೆ ಬಂದು ಅಮಾತೆಪ್ಪನ ವಿರುದ್ಧ ಹೇಳಿಕೆ ಕೊಟ್ಟದ್ದು.

"ಗೊತ್ತಿದ್ದೂ ಯಾಕ ಹೇಳ್ಲಿಲ್ಲ?"

ಬಸವಕುಮಾರ ನೆಲ ನೋಡಿದ. "ಸುಮಲತಾ ಬ್ರಾಕೆಟ್ ಅಂದಾಗೆಲ್ಲ ಮೀಟಿಂಗ್‌ನ್ಯಾಗ ನಕ್ಕಿದ್ದೆ ಮೇಡಂ. ಒಪ್ಪಿಕೊಂಡ್ರ ಎಲ್ಲಾರ ಮುಂದ ಆಕಿ ಹೇಳಿದ್ದೇ ಖರೆ ಆಗ್ತಿತ್ತು."

ಸುಳ್ಳು ಹೇಳಿಕೆ, ಸಾಕ್ಷ್ಯ ನಾಶದ ಆರೋಪದ ಮೇಲೆ ಅವನನ್ನು ದಸ್ತಗಿರಿ ಮಾಡಿದರು. ಕಿರಿಯಳೊಬ್ಬಳ ಮಾತು ಒಪ್ಪಿಕೊಳ್ಳಲಾರದೆ, ಒಬ್ಬ ಗಂಡನಿಗೆ ಹೆಂಡತಿಯನ್ನು ಕೊಲ್ಲಹೊರಟವನೆಂಬ ಹೆಸರು ಹೊರಿಸಿದ್ದ. ಶಾಂತಾದೇವಿಗೆ ಬೈಯಲೂ ಬೇಸರವಾಯಿತು.

ಲಾಕಪ್ ತೆರೆದರು. ಅಮಾತೆಪ್ಪ ಕುಳಿತಲ್ಲಿಂದ ಏಳಲಿಲ್ಲ.

"ನಾ ಅಲ್ಲಂತ ಯಂಕಮ್ಮಗ ಹೇಳಿದ್ರೇನ್ರಿ?" ಎಂದ.